ಮುಳಬಾಗಿಲಿನ ಆಂಗ್ಲೊಫೋನ್

ಕೆಲಸಕ್ಕೆ ಸೇರಿದ ದಿನ ಒಂದು ಕಂತೆ ಫಾರ್ಮ್ ತುಂಬಿಸಿಕೊಂಡರು. ಅದರಲ್ಲಿ ಒಂದು ಪ್ರಶ್ನೆ: ನಿಮ್ಮ ಮೊದಲ ಅಧಿಕೃತ ಭಾಷೆ ಯಾವುದು? ಪಕ್ಕದಲ್ಲಿ ಎರಡು ಚೌಕ. ಇಂಗ್ಲಿಷ್, ಫ್ರೆಂಚ್. ಅಷ್ಟೇ.

ನಾನು ಮುಳಬಾಗಿಲಿನವಳು. ಮನೆಯಲ್ಲಿ ಕನ್ನಡ. ಹೊಸಿಲು ದಾಟಿದರೆ ತೆಲುಗು. ಸೋದರತ್ತೆ ಮನೆ ಕೆಜಿಎಫ್‌ನಲ್ಲಿ, ಬೇಸಿಗೆ ರಜೆಯೆಲ್ಲ ಅಲ್ಲೇ, ಹಾಗಾಗಿ ತಮಿಳು. ಬಟ್ಟೆ ಅಂಗಡಿ ಸಾಬರ ಹತ್ತಿರ ಚೌಕಾಸಿ ಮಾಡುವಷ್ಟು ಉರ್ದು. ಶಾಲೆಯಲ್ಲಿ ಹಿಂದಿ. ಇಂಗ್ಲಿಷ್ ಬಂದಿದ್ದು ಎಲ್ಲಕ್ಕಿಂತ ಕೊನೆಗೆ, ಅದೂ ಅಳಿಸಿಕೊಂಡೇ ಬಂತು. ಕೋಲಾರದಲ್ಲಿ ಪಿಯುಸಿ ಓದುವಾಗ ಇಂಗ್ಲಿಷ್ ಮೇಷ್ಟ್ರು ಎಲ್ಲಿ ಎಬ್ಬಿಸಿ ನಿಲ್ಲಿಸುತ್ತಾರೋ ಅಂತ ಮುಂದಿನವಳ ಜಡೆಯ ಹಿಂದೆ ಅಡಗಿ ಕೂರುತ್ತಿದ್ದೆ.

ಅಂಥವಳು ಒಟ್ಟಾವಾದ ಒಂದು ಸರ್ಕಾರಿ ಕಚೇರಿಯಲ್ಲಿ ಕೂತು ಇಂಗ್ಲಿಷ್ ಚೌಕಕ್ಕೆ ಟಿಕ್ ಹಾಕಿದೆ. ಅವತ್ತಿನಿಂದ ಕೆನಡಾ ಸರ್ಕಾರದ ಲೆಕ್ಕದಲ್ಲಿ ನಾನು ‘ಆಂಗ್ಲೊಫೋನ್’. ಅಂದರೆ ಇಂಗ್ಲಿಷಿನವಳು. ಫ್ರೆಂಚ್ ಬಾರದ್ದರಿಂದ ಒಂದೇ ಭಾಷೆಯವಳು ಕೂಡ.

ಅಮ್ಮನಿಗೆ ಫೋನಿನಲ್ಲಿ ಹೇಳಿದೆ. “ನಿನ್ನ ಪಿಯುಸಿ ಮಾರ್ಕ್ಸ್ ಕಾರ್ಡು ನೋಡಿಲ್ವೇನಮ್ಮಾ ಅವರು?” ಅಂತ ನಕ್ಕರು.

ಕೆನಡಾ ದ್ವಿಭಾಷಾ ದೇಶ ಅಂತ ಕೇಳಿದಾಗ ಎಲ್ಲರೂ ಎರಡು ಭಾಷೆ ಮಾತಾಡುತ್ತಾರೆ ಅಂದುಕೊಂಡಿದ್ದೆ. ಹಾಗೇನಿಲ್ಲ. 2021ರ ಜನಗಣತಿಯ ಪ್ರಕಾರ ಇಂಗ್ಲಿಷ್, ಫ್ರೆಂಚ್ ಎರಡರಲ್ಲೂ ಮಾತಾಡಬಲ್ಲವರು ನೂರಕ್ಕೆ 18 ಮಂದಿ. 1969ರ ಅಧಿಕೃತ ಭಾಷೆಗಳ ಕಾಯ್ದೆ ಎರಡು ಭಾಷೆಯ ಹೊರೆ ಹೊರಿಸಿದ್ದು ಸರ್ಕಾರದ ಮೇಲೆ. ಜನ ತಮ್ಮ ತಮ್ಮ ಒಂದು ಭಾಷೆಯಲ್ಲೇ ನೆಮ್ಮದಿಯಾಗಿ ಇರಲಿ, ಅವರ ಹತ್ತಿರ ಅವರ ಭಾಷೆಯಲ್ಲಿ ಮಾತಾಡುವುದು ಕಚೇರಿಯ ಕೆಲಸ ಅನ್ನೋದು ಲೆಕ್ಕಾಚಾರ. ನಮ್ಮೂರಲ್ಲಿ ಇದು ತಿರುಗಾಮುರುಗಾ. ಕಚೇರಿಗೆ ಒಂದು ಭಾಷೆ, ಜನರ ಬಾಯಲ್ಲಿ ನಾಲ್ಕು. ಅದಕ್ಕೆ ಯಾರೂ ಕಾಯ್ದೆ ಮಾಡಿರಲಿಲ್ಲ, ಯಾರೂ ಪರೀಕ್ಷೆ ಇಟ್ಟಿರಲಿಲ್ಲ.

ನನ್ನ ಮೊದಲ ಹುದ್ದೆ ‘ಇಂಗ್ಲಿಷ್ ಸಾಕು’ ಅನ್ನುವ ಬಗೆಯದು. ಹಾಗಾಗಿ ಮೊದಲ ಏಳೆಂಟು ವರ್ಷ ಫ್ರೆಂಚ್ ಅಂದರೆ ನನಗೆ ಹಾಲಿನ ಡಬ್ಬದ ಇನ್ನೊಂದು ಮಗ್ಗುಲು. ಒಂದು ಕಡೆ ‘ಮಿಲ್ಕ್’, ತಿರುಗಿಸಿದರೆ ‘ಲೇ’. ಮಗಳು ಫ್ರೆಂಚಿನಲ್ಲಿ ಪಾಠ ಹೇಳುವ ‘ಇಮ್ಮರ್ಷನ್’ ಶಾಲೆಗೆ ಹೋಗುತ್ತಿದ್ದಳು. ಮನೆಯ ಫ್ರೆಂಚ್ ವ್ಯವಹಾರವೆಲ್ಲ ಅವಳದೇ.

2022ರ ಮೇ ತಿಂಗಳಲ್ಲಿ ಒಟ್ಟಾವಾದ ನಮ್ಮ ನೆಪಿಯನ್‌ನ ಆಗಿನ ಸಂಸದ, ಸಿರಾ ತಾಲ್ಲೂಕಿನ ಚಂದ್ರ ಆರ್ಯ, ಕೆನಡಾ ಸಂಸತ್ತಿನಲ್ಲಿ ಕನ್ನಡದಲ್ಲಿ ಮಾತಾಡಿದರಲ್ಲ, ಆ ವಿಡಿಯೊವನ್ನು ಊಟದ ಹೊತ್ತಿನಲ್ಲಿ ಪಕ್ಕದ ಸಹೋದ್ಯೋಗಿಗೆ ತೋರಿಸಿದೆ. ಅವರು ಸಗ್ನೆ ಕಡೆಯವರು. ಕ್ವಿಬೆಕ್ ಪ್ರಾಂತ್ಯದ ಒಳನಾಡು ಅದು, ಫ್ರೆಂಚ್ ಬಿಟ್ಟು ಬೇರೇನೂ ಕಿವಿಗೆ ಬೀಳುವುದೇ ಕಷ್ಟ. ಅವರು ಕೊನೆಯವರೆಗೂ ನೋಡಿದರು. “ಒಂದು ಪದವೂ ಅರ್ಥವಾಗಲಿಲ್ಲ. ಆದರೆ ನಿನ್ನ ಮುಖ ನೋಡಿದರೆ ಗೊತ್ತಾಗುತ್ತೆ,” ಅಂದರು. ಇಂಗ್ಲಿಷಿನಲ್ಲೇ ಅಂದರು. ನನ್ನ ಹತ್ತಿರ ಅವರು ಯಾವಾಗಲೂ ಇಂಗ್ಲಿಷೇ.

ಮರುವರ್ಷ ನಮ್ಮ ಮ್ಯಾನೇಜರ್ ರಜೆ ಮೇಲೆ ಹೋದರು. ಕೆಲವು ತಿಂಗಳು ನಾನು ಪ್ರಭಾರಿ. ಈ ಸಗ್ನೆಯವರು ಈಗ ನನ್ನ ಕೈಕೆಳಗೆ. ನವೆಂಬರ್‌ನಲ್ಲಿ ಒಂದು ದಿನ ಬಾಗಿಲು ತಟ್ಟಿ ಬಂದು ಕೂತರು. ರಜೆ ಬೇಕಿತ್ತು. ತಾಯಿಯ ವಿಷಯ. ಎರಡು ವಾಕ್ಯ ಹೇಳಿದರು. ಮೂರನೆಯದು ಶುರು ಮಾಡಿ ನಿಂತರು. ಪದ ಹುಡುಕಿದರು. ಸಿಗಲಿಲ್ಲ. ಒಂದು ಗಳಿಗೆ ಫ್ರೆಂಚಿಗೆ ಜಾರಿದರು, ನನ್ನ ಮುಖ ನೋಡಿದರು, ಅಲ್ಲಿಗೆ ಬಿಟ್ಟರು. “ಇಟ್ಸ್ ಓಕೆ. ಐ ವಿಲ್ ಮ್ಯಾನೇಜ್,” ಅಂತ ಎದ್ದರು. ರಜೆ ಕೊಟ್ಟೆ, ಅದೇನೋ ಸರಿ. ಅರ್ಧ ಗಂಟೆಯ ನಂತರ ಕಾರಿಡಾರಿನಲ್ಲಿ ಅವರು ತಂಗಿಯ ಜೊತೆ ಫೋನಿನಲ್ಲಿ ಮಾತಾಡುತ್ತಿದ್ದರು. ಆ ಮನುಷ್ಯ ಅಷ್ಟು ಮಾತಾಡುತ್ತಾರೆ ಅಂತ ನನಗೆ ಗೊತ್ತೇ ಇರಲಿಲ್ಲ.

ಅವತ್ತು ಅಪ್ಪ ನೆನಪಾದರು. ಅಪ್ಪ ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತರು. ಉತ್ತರದ ಕಡೆಯಿಂದ ಬಂದ ಐಎಎಸ್ ಸಾಹೇಬರೊಬ್ಬರ ಕನ್ನಡದ ಕಥೆ ರಾತ್ರಿ ಊಟಕ್ಕೆ ಕೂತಾಗ ಹೇಳುತ್ತಿದ್ದರು. ಆ ಸಾಹೇಬರು ಹಳ್ಳಿಯ ಮುದುಕಿಗೆ “ಅಜ್ಜಿ, ನೀನು ಕೂತುಕೊಂಡಿದೆ” ಅಂದರಂತೆ. ನಾವೆಲ್ಲ ಬಿದ್ದು ಬಿದ್ದು ನಗುತ್ತಿದ್ದೆವು. ಅಪ್ಪ ನಗುತ್ತಿರಲಿಲ್ಲ. “ತಪ್ಪಾದ್ರೂ ಮಾತಾಡ್ತಾರಲ್ಲ. ಭಾಷೆ ಬರದೋನು ಅರ್ಜಿ ಓದೋದು ಹೇಗೆ?” ಅನ್ನುತ್ತಿದ್ದರು. ಬ್ಯಾಂಕಿನ ಕೌಂಟರಿನಲ್ಲಿ ಕನ್ನಡ ಬರುವುದಿಲ್ಲ ಅಂದವರ ಮೇಲೆ ನಾನೂ ರೇಗಾಡಿದವಳೇ. ಈಗ ನೋಡಿದರೆ ಕೌಂಟರಿನ ಆ ಕಡೆ ನಾನೇ ಕೂತಿದ್ದೆ.

ಮ್ಯಾನೇಜರ್ ಹುದ್ದೆ ಖಾಯಂ ಆಗಬೇಕಾದರೆ ಫ್ರೆಂಚ್ ಬೇಕು. ಒಟ್ಟಾವಾ ಸುತ್ತಮುತ್ತಲ ಪ್ರದೇಶದಲ್ಲಿ ಕೇಂದ್ರ ಸರ್ಕಾರದ ನೌಕರರಿಗೆ ತಮ್ಮ ಭಾಷೆಯಲ್ಲೇ ಕೆಲಸ ಮಾಡುವ ಹಕ್ಕಿದೆ. ಹಾಗಾಗಿ ಮೇಲಿನವರಿಗೆ ಎರಡೂ ಬರಬೇಕು. ಪರೀಕ್ಷೆ ಮೂರು: ಓದು, ಬರಹ, ಮಾತು. ಪ್ರತಿಯೊಂದಕ್ಕೂ ಎ, ಬಿ, ಸಿ ಅಂತ ಮಟ್ಟ. ಎ ಕೆಳಗಿನದು, ಸಿ ಮೇಲಿನದು. ಸಿ-ಯನ್ನೂ ದಾಟಿದವರಿಗೆ ‘ಇ’ ಅಂತ ಕೊಡುತ್ತಾರೆ, ಅವರು ಮತ್ತೆ ಪರೀಕ್ಷೆಗೆ ಕೂರಬೇಕಿಲ್ಲ. ಮಿಕ್ಕವರ ಫಲಿತಾಂಶಕ್ಕೆ ಐದು ವರ್ಷ ಆಯುಸ್ಸು. ಒಟ್ಟಾವಾದಲ್ಲಿ ಕಾಫಿ ಕುಡಿಯುತ್ತಾ “ಮಕ್ಕಳು ಹೇಗಿದ್ದಾರೆ?” ಅಂತ ಕೇಳಿದ ಮೇಲೆ ಜನ ಕೇಳುವ ಎರಡನೇ ಪ್ರಶ್ನೆ “ಲೆವೆಲ್ಸ್ ಬಂತಾ?” ಅಂತ. ಇದಕ್ಕೆಲ್ಲ ಸರ್ಕಾರ ಕೊಡುವ ದ್ವಿಭಾಷಾ ಭತ್ಯೆ ವರ್ಷಕ್ಕೆ 800 ಡಾಲರ್. 1977ರಲ್ಲಿ ನಿಗದಿಯಾದದ್ದು, ಇವತ್ತಿಗೂ ಅಷ್ಟೇ. ಅದರಲ್ಲೂ ತೆರಿಗೆ ಹೋಗುತ್ತೆ. ದುಡ್ಡಿಗೋಸ್ಕರ ಯಾರೂ ಫ್ರೆಂಚ್ ಕಲಿಯುವುದಿಲ್ಲ ಬಿಡಿ.

2024ರ ಜನವರಿಯಲ್ಲಿ ಕ್ಲಾಸ್ ಶುರುವಾಯಿತು. ವಾರಕ್ಕೆ ಎರಡು ಅರ್ಧ ದಿನ. ಟೀಚರ್ ಅಲ್ಜೀರಿಯಾದವರು. ಮೊದಲ ದಿನ ಎಲ್ಲರೂ ಪರಿಚಯ ಹೇಳಿಕೊಳ್ಳಬೇಕು. ನಾನು ಮುರುಕು ಫ್ರೆಂಚಿನಲ್ಲಿ ಮುಳಬಾಗಿಲಿನ ಐದು ಭಾಷೆಗಳ ಕಥೆ ಹೇಳಿ, ಆದರೆ ಫಾರ್ಮಿನಲ್ಲಿ ಮಾತ್ರ ಆಂಗ್ಲೊಫೋನ್ ಅಂದೆ. ಅವರು ಜೋರಾಗಿ ನಕ್ಕರು. ಅವರ ಮನೆಮಾತು ಕಬೈಲ್, ಬೀದಿಯ ಮಾತು ಅರಬ್ಬಿ. “ನಾನು ಫ್ರಾಂಕೊಫೋನ್ ಆಗಿದ್ದೂ ಹೀಗೇ,” ಅಂದರು.

ಕನ್ನಡ ನಾಲಿಗೆಗೆ ಫ್ರೆಂಚಿನಲ್ಲಿ ಕೆಲವು ಕಡೆ ಬಿಟ್ಟಿ ಲಾಭವಿದೆ. ಫ್ರೆಂಚಿನ ತ, ದ ನಮ್ಮ ತ, ದಗಳೇ, ನಾಲಿಗೆ ಹಲ್ಲಿಗೆ ತಾಗುತ್ತೆ. ಪ, ಕಗಳಲ್ಲಿ ಇಂಗ್ಲಿಷಿನ ಆ ಉಸಿರಿಲ್ಲ. ಕ್ಲಾಸಿನ ಇಂಗ್ಲಿಷಿನವರು ಅದಕ್ಕೆ ತಿಂಗಳುಗಟ್ಟಲೆ ಒದ್ದಾಡಿದರು, ನನಗೆ ಮೊದಲ ದಿನವೇ ಶಭಾಷ್‌ಗಿರಿ. ‘ತ್ಯು’, ‘ವೂ’ ವ್ಯತ್ಯಾಸ ನಮಗೆ ಯಾರೂ ಹೇಳಿಕೊಡಬೇಕಿಲ್ಲ. ನೀನು, ನೀವು, ಅಷ್ಟೇ ತಾನೆ? ಯಾರಿಗೆ ಯಾವುದು ಅಂತ ನಮಗೆ ಹುಟ್ಟಿನಿಂದ ಅಭ್ಯಾಸ.

ಅಲ್ಲಿಂದ ಮುಂದೆ ಕಷ್ಟ. ಮೇಜು, ಕುರ್ಚಿಗಳನ್ನೆಲ್ಲ ‘ಅದು’ ಅಂದುಕೊಂಡು ಬೆಳೆದವಳಿಗೆ ಪ್ರತಿ ವಸ್ತುವೂ ಗಂಡೋ ಹೆಣ್ಣೋ ಅಂತ ಕೇಳಬೇಕು. ಮೇಜು ಹೆಣ್ಣು. ಹೋಗಲಿ. ಗಡ್ಡವೂ ಹೆಣ್ಣು! ಇದನ್ನು ಮನೆಯಲ್ಲಿ ಹೇಳಿದಾಗ ನಮ್ಮ ಯಜಮಾನರು ಗಡ್ಡ ಸವರಿಕೊಂಡು ಸುಮ್ಮನೆ ಎದ್ದು ಹೋದರು. ಇನ್ನು ‘ದೆಸ್ಯು’ ಅಂದರೆ ಮೇಲೆ, ‘ದೆಸು’ ಅಂದರೆ ಕೆಳಗೆ. ತುಟಿ ಒಂದು ಕೂದಲೆಳೆಯಷ್ಟು ಆಚೀಚೆ ಆದರೆ ಕಡತ ಮೇಜಿನ ಮೇಲಿಂದ ಮೇಜಿನ ಕೆಳಗೆ ಬೀಳುತ್ತೆ. ನೋಟ್‌ಬುಕ್ಕಿನಲ್ಲಿ ಉಚ್ಚಾರಣೆಯನ್ನೆಲ್ಲ ಕನ್ನಡ ಲಿಪಿಯಲ್ಲೇ ಬರೆದುಕೊಳ್ಳುತ್ತಿದ್ದೆ. ಈ ಎರಡು ಪದಕ್ಕೆ ಮಾತ್ರ ನಮ್ಮ ಒತ್ತಕ್ಷರವೂ ಸಾಲದೆ, ಪಕ್ಕದಲ್ಲಿ ಮೇಲೆ ಒಂದು ಬಾಣ, ಕೆಳಗೆ ಒಂದು ಬಾಣ ಹಾಕಿಕೊಂಡಿದ್ದೆ.

ನನ್ನನ್ನು ನಿಜವಾಗಿ ಕಾಡಿದ್ದು ‘ಸಿ’. ಪರೀಕ್ಷೆಯ ಸಿ ಅಲ್ಲ, ಫ್ರೆಂಚಿನ ‘ಸಿ’. ಹಾಗೆಂದರೆ ‘ಒಂದು ವೇಳೆ’ ಅಂತ. ಮಾತಿನ ಪರೀಕ್ಷೆಯಲ್ಲಿ ಮೇಲಿನ ಮಟ್ಟ ಸಿಗಬೇಕಾದರೆ ‘ಹೀಗಾಗಿದ್ದರೆ ಹಾಗೆ ಮಾಡುತ್ತಿದ್ದೆ’ ಅನ್ನುವಂಥ ವಾಕ್ಯಗಳು ಸರಾಗವಾಗಿ ಬರಬೇಕು. ಕನ್ನಡದಲ್ಲಿ ‘ಗೊತ್ತಿದ್ದಿದ್ದರೆ ಹೇಳುತ್ತಿದ್ದೆ’ ಅನ್ನುತ್ತೇವೆ. ಆ ‘ರೆ’ ಎಲ್ಲಿದೆ ನೋಡಿ. ಮೊದಲ ತುಂಡಿನಲ್ಲಿ, ‘ಗೊತ್ತಿದ್ದಿದ್ದರೆ’ಯ ಬಾಲದಲ್ಲಿ. ಫ್ರೆಂಚಿನಲ್ಲೂ ಒಂದು ‘ರೆ’ ಇದೆ, ಹೆಚ್ಚುಕಮ್ಮಿ ಅದೇ ಸದ್ದು. ಆದರೆ ಅದು ಬರುವುದು ಎರಡನೇ ತುಂಡಿನಲ್ಲಿ: ‘ಸಿ ಜಾವೆ ಸ್ಯು, ಜೋರೆ ದಿ’. ‘ಸಿ’ ಇರುವ ತುಂಡಿನಲ್ಲಿ ಅದು ಬಂದರೆ ಮಹಾಪರಾಧ. ‘ಸಿ-ಗೆ ರೆ ಕಂಡರೆ ಆಗುವುದಿಲ್ಲ’ ಅಂತ ಫ್ರೆಂಚ್ ಮಕ್ಕಳಿಗೆ ಶಾಲೆಯಲ್ಲಿ ಬಾಯಿಪಾಠ ಮಾಡಿಸುತ್ತಾರಂತೆ. ನನ್ನ ತಲೆಯೊಳಗಿನ ಕನ್ನಡವೋ, ‘ಒಂದು ವೇಳೆ’ ಅಂದ ತಕ್ಷಣ ‘ರೆ’ ಎಲ್ಲಿ, ‘ರೆ’ ಎಲ್ಲಿ ಅಂತ ತಡಕಾಡುತ್ತೆ. ನಲವತ್ತು ವರ್ಷದ ಅಭ್ಯಾಸ. ಪಾತ್ರೆ ತೊಳೆಯುವಾಗ, ಬಸ್ಸಿಗೆ ಕಾಯುವಾಗ, ಮೈನಸ್ ಇಪ್ಪತ್ತರ ಚಳಿಯಲ್ಲಿ ಪೋರ್ಟಾಜ್ ಸೇತುವೆ ದಾಟುವಾಗ ಬಾಯಲ್ಲಿ ಅದೇ ಜಪ. ಮಗಳು ಹೋಮ್‌ವರ್ಕ್ ಮಾಡುತ್ತಲೇ “ಅಮ್ಮಾ, ರೆ!” ಅಂತ ಕೂಗುತ್ತಿದ್ದಳು. ತಲೆ ಎತ್ತುತ್ತಲೂ ಇರಲಿಲ್ಲ.

ಟೀಚರ್ ಇನ್ನೊಂದಕ್ಕೂ ಕೆಂಪು ಗೆರೆ ಎಳೆಯುತ್ತಿದ್ದರು. ಒಂದು ಸಲ ‘ಆದ್ರೆಸೆ ಅಂ ಪ್ರಾಬ್ಲೆಮ್’ ಅಂತ ಬರೆದಿದ್ದೆ. ಸಮಸ್ಯೆಯನ್ನು ಅಡ್ರೆಸ್ ಮಾಡುವುದು. “ಇದು ಫ್ರೆಂಚ್ ಅಲ್ಲ, ಇಂಗ್ಲಿಷಿಗೆ ಫ್ರೆಂಚ್ ಬಟ್ಟೆ ತೊಡಿಸಿದ್ದು. ವಿಳಾಸ ಕಾಗದಕ್ಕೆ ಬರೆಯುತ್ತಾರೆ, ಸಮಸ್ಯೆಗಲ್ಲ,” ಅಂದರು. ಬೆಂಗಳೂರಿನಲ್ಲಿ “ಆ ಇಶ್ಯೂನ ಅಡ್ರೆಸ್ ಮಾಡ್ಬೇಕು” ಅಂತೀವಲ್ಲ, ಅದೇ ರೋಗ. ಸಮುದ್ರ ದಾಟಿದರೂ ಬಿಟ್ಟಿಲ್ಲ.

ಒಂದು ದಿನ ಕ್ಲಾಸಿನಲ್ಲಿ ಚರ್ಚೆಗೆ ಕೊಟ್ಟ ವಿಷಯ ಗವರ್ನರ್ ಜನರಲ್ ಮೇರಿ ಸೈಮನ್. 2021ರಲ್ಲಿ ಆ ಹುದ್ದೆಗೆ ಬಂದ ಮೊದಲ ಮೂಲನಿವಾಸಿ ಅವರು. ಇನುಯಿಟ್ ಜನರ ಭಾಷೆ ಇನುಕ್ಟಿಟುಟ್ ಬರುತ್ತೆ, ಇಂಗ್ಲಿಷ್ ಬರುತ್ತೆ. ಫ್ರೆಂಚ್ ಬರುತ್ತಿರಲಿಲ್ಲ. ಭಾಷಾ ಆಯುಕ್ತರಿಗೆ ಸಾವಿರಕ್ಕೂ ಹೆಚ್ಚು ದೂರು ಹೋದವು. ತಾನು ಚಿಕ್ಕಂದಿನಲ್ಲಿ ಓದಿದ ಸರ್ಕಾರಿ ಶಾಲೆಯಲ್ಲಿ ಫ್ರೆಂಚ್ ಕಲಿಯುವ ಅವಕಾಶವೇ ಇರಲಿಲ್ಲ ಅಂತ ಅವರು ಹೇಳಿದ್ದರು. ನಾನು ಅವರ ಪರ ವಾದಿಸಲು ಹೊರಟೆ. ಎರಡು ಭಾಷೆ ಬರುವವರನ್ನು ದ್ವಿಭಾಷಿಕರಲ್ಲ ಅನ್ನುವುದು ಯಾವ ನ್ಯಾಯ ಅಂತ. ಅರ್ಧ ದಾರಿಯಲ್ಲಿ ಸಗ್ನೆಯವರ ನಿಂತುಹೋದ ಮೂರನೇ ವಾಕ್ಯ ನೆನಪಾಯಿತು. ಅಲ್ಲಿಗೆ ನನ್ನ ವಾದವೂ ನಿಂತಿತು. ಫ್ರೆಂಚ್ ಸಾಲಲಿಲ್ಲವೋ, ಮನಸ್ಸು ಸಾಲಲಿಲ್ಲವೋ, ಈಗಲೂ ಸರಿಯಾಗಿ ಹೇಳಲಾರೆ.

ಅಕ್ಟೋಬರ್‌ನಲ್ಲಿ ಪರೀಕ್ಷೆ. ಓದು, ಬರಹ ಎರಡೂ ಸರಿ ಉತ್ತರ ಆರಿಸುವ ಬಗೆಯವು. ಬರಹದ ಪರೀಕ್ಷೆಯಲ್ಲಿ ಒಂದು ವಾಕ್ಯವನ್ನೂ ಬರೆಯಬೇಕಿಲ್ಲ ಅನ್ನೋದು ತಮಾಷೆ. ನಮ್ಮ ಕಡೆಯವರು ಇಂಥದ್ದರಲ್ಲಿ ಪಳಗಿದವರು, ಸಿಇಟಿ ಬರೆದು ಬಂದವರಲ್ವಾ? ಓದಿಗೆ ಸಿ, ಬರಹಕ್ಕೆ ಬಿ.

ಮಾತಿನದು ವಿಡಿಯೊ ಕರೆಯಲ್ಲಿ. ಆ ಕಡೆ ಪರೀಕ್ಷಕಿ, ತುಂಬ ಸೌಮ್ಯವಾದ ಹೆಂಗಸು. ಮೊದಲು ಕೆಲಸದ ಬಗ್ಗೆ ಸುಲಭದ ಪ್ರಶ್ನೆಗಳು. ಆಮೇಲೆ ಧ್ವನಿಮುದ್ರಿತ ಸಂದೇಶ ಕೇಳಿಸುತ್ತಾರೆ, ಏನು ಕೇಳಿದಿರಿ ಅಂತ ಹೇಳಬೇಕು. ನನ್ನ ಟೀಚರ್ ‘ತ್ಯು’ ಅನ್ನುವುದನ್ನು ಕ್ವಿಬೆಕ್‌ನವರು ‘ತ್ಸ್ಯು’ ಅನ್ನುತ್ತಾರೆ. ಸಂದೇಶದಲ್ಲಿದ್ದವನು ಅಪ್ಪಟ ಕ್ವಿಬೆಕ್‌ನವನು. ಕೋಲಾರದ ತೆಲುಗು ಕಲಿತು ಗುಂಟೂರಿನ ಮದುವೆಮನೆಗೆ ಹೋದ ಹಾಗಾಯಿತು. ಹೇಗೋ ದಾಟಿದೆ. ಕೊನೆಗೆ ಬಂತು: ನಿಮ್ಮ ಕಚೇರಿಯಲ್ಲಿ ಹಿಂದೆ ತೆಗೆದುಕೊಂಡ ಒಂದು ನಿರ್ಧಾರ ಬೇರೆ ಥರ ಇದ್ದಿದ್ದರೆ ಏನಾಗುತ್ತಿತ್ತು? ‘ಸಿ’ ಅಂದೆ. ಹಿಂದೆಯೇ ‘ರೆ’ ಬಂದುಬಿಟ್ಟಿತು. ಬಂದದ್ದು ಕೇಳಿಸಿತು. ತಿದ್ದಲು ಹೋದೆ, ಇನ್ನೊಂದು ‘ರೆ’ ಬಂತು. ಆಮೇಲೆ ಹತ್ತು ನಿಮಿಷ ಏನು ಮಾತಾಡಿದೆನೋ ದೇವರಿಗೇ ಗೊತ್ತು.

ಮಾತಿಗೆ ಬಿ.

ಆಗ ಮೇಲ್ವಿಚಾರಕರಿಗೆ ಮೂರರಲ್ಲೂ ಬಿ ಇದ್ದರೆ ಸಾಕಿತ್ತು. ಹಾಗಾಗಿ ಸಿಹಿ ಹಂಚಿದೆ. ಆದರೆ ಹುದ್ದೆಯ ಆಯ್ಕೆ ಅನ್ನುವುದು ಎಳೆದೂ ಎಳೆದೂ ಮುಂದಿನ ಬೇಸಿಗೆಗೆ ಬಂತು. 2025ರ ಜೂನ್ 20ರಿಂದ ಹೊಸ ನಿಯಮ ಜಾರಿಯಾಯಿತು. ದ್ವಿಭಾಷಾ ಪ್ರದೇಶಗಳಲ್ಲಿ ಮೇಲ್ವಿಚಾರಕರ ದ್ವಿಭಾಷಾ ಹುದ್ದೆಗೆ ಹೊಸದಾಗಿ ಬರುವವರಿಗೆ ಓದು ಸಿ, ಬರಹ ಬಿ, ಮಾತು ಸಿ. ಆಗಲೇ ಕುರ್ಚಿಯಲ್ಲಿ ಕೂತವರಿಗೆ ತೊಂದರೆಯಿಲ್ಲ. ನಾನು ಕುರ್ಚಿಯ ಪಕ್ಕದಲ್ಲಿ ನಿಂತಿದ್ದೆ. ನಿಯಮ ಬರುತ್ತೆ ಅಂತ ಮೊದಲೇ ಹೇಳಿದ್ದರು, ಕಾಗದಗಳು ಮಾತ್ರ ನಿದ್ದೆ ಮಾಡಿದವು. ಎರಡು ದಿನ ಮನೆಯಲ್ಲಿ ಯಾರ ಹತ್ತಿರವೂ ನೆಟ್ಟಗೆ ಮಾತಾಡಲಿಲ್ಲ. ಯಾವ ಭಾಷೆಯಲ್ಲೂ.

ಸಗ್ನೆಯವರಿಗೆ ಸಿಟ್ಟಿನಲ್ಲೇ ಹೇಳಿದೆ, ಇದೆಲ್ಲ ಯಾರಿಗೋಸ್ಕರ, ಬಿ ಇದ್ದರೆ ಸಾಲದಾ ಅಂತ. ಅವರು ಬೇಜಾರು ಮಾಡಿಕೊಳ್ಳಲಿಲ್ಲ. “22 ವರ್ಷದಿಂದ ಎಲ್ಲ ಟಿಪ್ಪಣಿಯನ್ನೂ ಇಂಗ್ಲಿಷಿನಲ್ಲಿ ಬರೆದಿದ್ದೇನೆ. ಫ್ರೆಂಚಿನಲ್ಲಿ ಬರೆಯಬೇಡ ಅಂತ ಯಾರೂ ಹೇಳಲಿಲ್ಲ. ಆದರೆ ಮೇಲೆ ಓದುವವರಿಗೆ ಬಿ. ಬಿ ಅಂದರೆ, ಅವರು ಓದುತ್ತಾರೆ, ಆಮೇಲೆ ಬಂದು ಏನು ಬರೆದಿದ್ದೀಯ ಅಂತ ಕೇಳುತ್ತಾರೆ. ಅದರ ಬದಲು ಇಂಗ್ಲಿಷಿನಲ್ಲೇ ಬರೆದರೆ ಬೇಗ ಮನೆಗೆ ಹೋಗಬಹುದು. ಈಗ ನೋಡು, ಕೆಲಸದ ಪದಗಳು ಫ್ರೆಂಚಿನಲ್ಲಿ ನನಗೇ ಬರುವುದಿಲ್ಲ.”

ಅಂದಹಾಗೆ ಅವರು ಅಂದದ್ದು ‘ಬ್ರೀಫಿಂಗ್ ನೋಟ್’ ಅಂತ. ಟಿಪ್ಪಣಿ ಅನ್ನುವುದು ಅಪ್ಪನ ಪದ. ಕಡತ, ಟಿಪ್ಪಣಿ, ಮಂಡಿಸುವುದು, ರುಜು. ನಾನೂ ದಿನವೆಲ್ಲ ಮಾಡುವುದು ಅದೇ ಕೆಲಸ. ಆದರೆ ಇದನ್ನು ಬರೆಯಲು ಕೂತಾಗ ಆ ಪದಗಳನ್ನು ಒಂದೊಂದಾಗಿ ಅಪ್ಪನ ಬಾಯಿಂದಲೇ ಕಡ ತರಬೇಕಾಯಿತು.

ಮತ್ತೆ ಕ್ಲಾಸ್. ಈ ಸಲ ಮಧ್ಯಾಹ್ನದ ಊಟ ಸಗ್ನೆಯವರ ಜೊತೆ. ಹನ್ನೆರಡರಿಂದ ಒಂದರವರೆಗೆ ಬರೀ ಫ್ರೆಂಚ್, ಅದೂ ಅವರ ಊರಿನ ಫ್ರೆಂಚ್. ಅವರು ತಂಗಳು ಮಾಂಸದ ಕಡುಬು, ನಾನು ಚಿತ್ರಾನ್ನ. ಸೇತುವೆ ದಾಟಿದರೆ ಕ್ವಿಬೆಕ್‌ನ ಗ್ಯಾಟಿನೊ. ಅಲ್ಲಿ ರಸ್ತೆಯ ಫಲಕಗಳಲ್ಲಿ ಸ್ಟಾಪ್ ಬದಲು ‘ಆರೆ’. ಕಾಫಿ ಅಂಗಡಿಯಲ್ಲಿ ನಾನು ಫ್ರೆಂಚಿನಲ್ಲಿ ಕೇಳಿದರೆ ಹುಡುಗಿ ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತಿದ್ದಳು. ಪಾಪ, ಸಹಾಯ ಅಂದುಕೊಂಡೇ. ಮೂರು ವಾರ ಬಿಡದೆ ಹೋದ ಮೇಲೆ ಒಂದು ದಿನ ಅವಳು ಫ್ರೆಂಚಿನಲ್ಲೇ “ಸಕ್ಕರೆ ಬೇಕಾ?” ಅಂದಳು. ನಾನು ಸಕ್ಕರೆ ಹಾಕಿಕೊಳ್ಳುವುದಿಲ್ಲ. ಅವತ್ತು ಹಾಕಿಸಿಕೊಂಡೆ.

ನವೆಂಬರ್‌ನಲ್ಲಿ ಎರಡನೇ ಸಲ ಕೂತೆ. ಹೇಳಲು ಹೆಚ್ಚೇನಿಲ್ಲ. ‘ಸಿ’ ಬಂದಾಗಲೆಲ್ಲ ಉಸಿರು ಹಿಡಿದು ನಿಧಾನ ಮಾಡಿದೆ. ಸಿ ಸಿಕ್ಕಿತು.

ಅಮ್ಮನಿಗೆ ಹೇಳಿದಾಗ “ಹಂಗಾದ್ರೆ ಈಗ ಎರಡು ಭಾಷೆ ಬರುತ್ತೆ ಅಂತ ಒಪ್ಕೊಂಡ್ರಾ?” ಅಂದರು. ಒಪ್ಪಿಕೊಂಡರಮ್ಮಾ ಅಂದೆ. ಐದು ವರ್ಷಕ್ಕೆ.

ಹುದ್ದೆಗೆ ಬಂದ ಮೇಲಿನ ಮೊದಲ ಮೀಟಿಂಗನ್ನು ಫ್ರೆಂಚಿನಲ್ಲಿ ಶುರು ಮಾಡಿದೆ. ಮೂರು ನಿಮಿಷ ಚೆನ್ನಾಗಿಯೇ ನಡೆಯಿತು. ಟೊರಾಂಟೊ ಕಡೆಯ ಹುಡುಗನೊಬ್ಬ ಇಂಗ್ಲಿಷಿನಲ್ಲಿ ಒಂದು ಪ್ರಶ್ನೆ ಕೇಳಿದ. ಯಾರೋ ಇಂಗ್ಲಿಷಿನಲ್ಲಿ ಉತ್ತರ ಕೊಟ್ಟರು. ಆಮೇಲೆ ಕೊನೆಯವರೆಗೂ ಇಂಗ್ಲಿಷೇ. ನಾನೂ ಅದರಲ್ಲೇ ಮುಗಿಸಿದೆ, ನನಗೆ ಗೊತ್ತಾಗಿದ್ದು ಎದ್ದು ಬಂದ ಮೇಲೆ.

ಸಂಜೆ ಸಗ್ನೆಯವರ ಮೇಲ್ ಬಂತು. ನಾಲ್ಕು ಪುಟದ ಟಿಪ್ಪಣಿ, ಫ್ರೆಂಚಿನಲ್ಲಿ. ಜೊತೆಗೆ ಒಂದೇ ಸಾಲು: ‘ನಿಧಾನವಾಗಿ ಓದು, ಅವಸರವಿಲ್ಲ.’ ಏಳು ಗಂಟೆಯವರೆಗೂ ಕೂತೆ. ನಿಘಂಟು ಎಂಟು ಹತ್ತು ಸಲ ತೆಗೆದೆ. ಏನು ಬರೆದಿದ್ದೀರಿ ಅಂತ ಹೋಗಿ ಕೇಳುವ ಪ್ರಮೇಯ ಬರಲಿಲ್ಲ. ಮೂರನೇ ಪುಟದ ನಡುವೆ, ಬೊಂಬಾಟ್ ವಾಕ್ಯವೊಂದರ ಕೊನೆಯಲ್ಲಿ, ‘ಆದ್ರೆಸೆ ಅಂ ಪ್ರಾಬ್ಲೆಮ್’ ಅಂತ ಇತ್ತು. ಟೀಚರ್ ಕೆಂಪು ಗೆರೆ ಎಳೆದದ್ದೇ. ಕರ್ಸರ್ ಅದರ ಮೇಲಿಟ್ಟುಕೊಂಡು ಸ್ವಲ್ಪ ಹೊತ್ತು ಕೂತಿದ್ದೆ. ಆಮೇಲೆ ಕೆಳಗಿಳಿದು ಕೊನೆಯ ಪುಟದಲ್ಲಿ ರುಜು ಹಾಕಿದೆ.